ಹದಿನೆಂಟು ಲಿಂಕ್ಸ್ ತೋಡು

ಹೋದ ವರ್ಷ ಮಳೆಗಾಲದ ಆಟಿ ತಿಂಗಳ ಒಂದು ಮಧ್ಯಾಹ್ನ ಮುಂಬಯಿಯಿಂದ ಫೋನ್ ಬಂತು. ಅಜ್ಜನ ಕಾಲದಿಂದ ನಮ್ಮಲ್ಲೇ ಕಾಗದಪತ್ರ ಬರೆಸುತ್ತಿದ್ದ ಮನೆಯ ಹುಡುಗಿ. ಹುಡುಗಿ ಎನ್ನುವುದು ನನ್ನ ಅಭ್ಯಾಸ, ಅವಳಿಗೂ ಈಗ ಐವತ್ತರ ಹತ್ತಿರ.

"ಮಾಮ, ಮಣಿಪಾಲದ ಹತ್ತಿರ ಒಂದು ಫ್ಲ್ಯಾಟ್ ಮಾರಾಟಕ್ಕೆ ಉಂಟು. ಗ್ರೌಂಡ್ ಫ್ಲೋರ್. ಹಿಂದೆ ಸಣ್ಣ ಗಾರ್ಡನ್, ಅದು ದಾಟಿದರೆ ತೋಡು. ಅಮ್ಮನಿಗೆ ಊರಿಗೆ ಬರಬೇಕು ಅಂತ ಒಂದೇ ಹಟ. ಅವಳನ್ನು ನಾಲ್ಕನೇ ಮಾಳಿಗೆಯಲ್ಲಿ ಕೂರಿಸಿದರೆ ಆಗಲಿಕ್ಕಿಲ್ಲ, ಮಣ್ಣು ಮುಟ್ಟದೆ ಅವಳಿಗೆ ದಿನ ಹೋಗುವುದಿಲ್ಲ. ಡ್ರಾಫ್ಟ್ ಕಳಿಸುತ್ತೇನೆ, ನೀವೊಮ್ಮೆ ಓದಿ ಹೇಳಿ."

ನಾನು ಉಡುಪಿಯಲ್ಲಿ ನಲವತ್ತು ವರ್ಷ ದಸ್ತಾವೇಜು ಬರೆದವನು. ನನಗಿಂತ ಮೊದಲು ಅಪ್ಪ, 1948ರಿಂದ. ಕ್ರಯಪತ್ರ, ಪಾಲುಪಟ್ಟಿ, ಅಡವುಪತ್ರ, ವೀಲುನಾಮೆ, ಗೇಣಿಚೀಟಿ: ಈ ಊರಿನ ನೆಲ ಕೈಯಿಂದ ಕೈಗೆ ಹೋದದ್ದನ್ನು ನಾವಿಬ್ಬರೂ ಕಾಗದದ ಮೇಲೆ ನೋಡಿದ್ದೇವೆ. ಲೈಸೆನ್ಸ್ ಬಿಟ್ಟುಕೊಟ್ಟು ಕೆಲವು ವರ್ಷ ಆಯಿತು. ಆದರೂ ಹಳೆಯ ಮನೆಯವರು ಕೇಳಿದರೆ ಇಲ್ಲ ಎನ್ನಲಿಕ್ಕೆ ಮನಸ್ಸು ಬರುವುದಿಲ್ಲ.

ಡ್ರಾಫ್ಟ್ ಬಂತು. ಇಪ್ಪತ್ತೆರಡು ಪುಟ, ಇಂಗ್ಲಿಷಿನಲ್ಲಿ. ಎ ಶೆಡ್ಯೂಲಿನಲ್ಲಿ ಇಡೀ ಜಾಗ, 42 ಸೆಂಟ್ಸ್. ಬಿ ಶೆಡ್ಯೂಲಿನಲ್ಲಿ ಅದರೊಳಗಿನ ಅವಿಭಾಜ್ಯ ಹಕ್ಕು, 1.12 ಸೆಂಟ್ಸ್. ಸಿ ಶೆಡ್ಯೂಲಿನಲ್ಲಿ 980 ಚದರಡಿಯ ಫ್ಲ್ಯಾಟು ಮತ್ತು ಅದಕ್ಕೆ ತಾಗಿದ 'ಖಾಸಗಿ ಗಾರ್ಡನ್'. ಲಿಫ್ಟಿಗೆ ಒಂದು ಪ್ಯಾರಾ, ಜನರೇಟರಿಗೆ ಒಂದು ಪ್ಯಾರಾ, ಪಾರ್ಕಿಂಗಿಗೆ ಒಂದೂವರೆ ಪುಟ. ತೋಡಿಗೆ ಒಂದೇ ಶಬ್ದ. ನಾಲ್ಕು ದಿಕ್ಕಿನ ಗಡಿ ಹೇಳುವಲ್ಲಿ, ಉತ್ತರಕ್ಕೆ: ತೋಡು. ಮುಗಿಯಿತು. ಅದರ ಅಗಲ ಎಷ್ಟು, ಅದು ಯಾರದ್ದು, ಅದರ ನೀರಿನ ಮೇಲೆ ಯಾರಿಗೆ ಏನು ಹಕ್ಕು, ದಡದಲ್ಲಿ ನಡೆಯುವ ದಾರಿ ಉಂಟೋ ಇಲ್ಲವೋ, ಒಂದು ಅಕ್ಷರವಿಲ್ಲ.

ಸರ್ವೆ ನಂಬ್ರ ನೋಡಿದಾಗ ಎಲ್ಲೋ ಕಂಡ ಹಾಗಾಯಿತು. ಅಪ್ಪನ ನಕಲು ಪುಸ್ತಕಗಳು ಅಟ್ಟದಲ್ಲಿದ್ದವು. ಎರಡು ದಿನ ಹುಡುಕಿದೆ, ಸಿಕ್ಕಿತು. 1953ನೇ ಇಸವಿಯ ಒಂದು ಚಾಲಗೇಣಿ ಚೀಟಿಯ ನಕಲು. ಅದೇ ಸರ್ವೆ ನಂಬ್ರ, ಆಗ ಒಡೆಯದೆ ಇಡಿಯಾಗಿ 1 ಎಕ್ರೆ 86 ಸೆಂಟ್ಸ್. ಹೆರ್ಗ ಗ್ರಾಮದ ಬೈಲು ಗದ್ದೆ. ಗೇಣಿ ವರ್ಷಕ್ಕೆ ಹದಿನಾಲ್ಕು ಮುಡಿ ಅಕ್ಕಿ. ಇಡೀ ಚೀಟಿ ಒಂದೂವರೆ ಪುಟ, ಅದರಲ್ಲಿ ಅರ್ಧ ಪುಟ ತೋಡಿನದೇ ಮಾತು. ನೀರು ನಿಲ್ಲಿಸುವ ಕಟ್ಟ ಎಲ್ಲಿ ಕಟ್ಟುವುದು, ಕಟ್ಟಕ್ಕೆ ಆಳು ಎಷ್ಟು ಕೊಡುವುದು, ಮೇಲಿನ ಗದ್ದೆಯವರಿಗೆ ನೀರು ಯಾವ ದಿನ, ಕೆಳಗಿನವರಿಗೆ ಯಾವ ದಿನ, ಗದ್ದೆಯ ಹುಣಿಯ ಮೇಲೆ ಯಾರು ಯಾರು ನಡೆಯಬಹುದು. ಮನೆಯ ಮಾತು ಕೊನೆಯ ಸಾಲಿನಲ್ಲಿ: ಒಂದು ಮುಳಿಹುಲ್ಲಿನ ಮನೆ, ಒಂದು ಹಟ್ಟಿ, ಒಂದು ಬಾವಿ.

ಎಪ್ಪತ್ತು ವರ್ಷದಲ್ಲಿ ಕೊನೆಯ ಸಾಲಿನಲ್ಲಿದ್ದ ಮನೆ ಇಪ್ಪತ್ತೊಂದು ಪುಟ ತುಂಬಿತು. ಅರ್ಧ ಪುಟದ ತೋಡು ಒಂದು ಶಬ್ದಕ್ಕೆ ಇಳಿಯಿತು. ಇದು ಹೇಗಾಯಿತು ಎಂದು ಅವಳಿಗೆ ವಿವರಿಸಿ ಹೇಳಲಿಕ್ಕೆ ಕೂತವನು, ಬರೆದೇ ಇಡುವ ಎಂದುಕೊಂಡೆ.

ನಮ್ಮ ಕಡೆ ಗದ್ದೆಗೆ ಮೂರು ಜಾತಿ: ಬೈಲು, ಮಜಲು, ಬೆಟ್ಟು. ತಗ್ಗಿನಲ್ಲಿ ತೋಡಿನ ಬದಿ ಇರುವುದು ಬೈಲು. ಅದರಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಮಜಲು, ಎರಡು ಬೆಳೆ. ಅದಕ್ಕೂ ಮೇಲೆ ಬೆಟ್ಟು, ಮಳೆಗಾಲದ ಒಂದೇ ಬೆಳೆ. ಸರಕಾರದ ತೀರ್ವೆ, ಧನಿಗಳ ಗೇಣಿ, ಹೆಣ್ಣು ಕೊಡುವವರ ಲೆಕ್ಕಾಚಾರ, ಎಲ್ಲವೂ ಈ ಮೂರು ಶಬ್ದದ ಮೇಲೆಯೇ ನಡೆಯುತ್ತಿತ್ತು. ಬೈಲು ಇದ್ದವನ ಮನೆಯಲ್ಲಿ ಮಳೆಗಾಲದಲ್ಲೂ ಮುಡಿ ಖಾಲಿಯಾಗುವುದಿಲ್ಲ ಎಂಬ ನಂಬಿಕೆ. ಊರಿನ ಹೆಸರುಗಳಲ್ಲೂ ಅದೇ ಲೆಕ್ಕ ಕೂತಿದೆ. ಶೆಟ್ಟಿಬೆಟ್ಟು, ಮಠದಬೆಟ್ಟು ಒಂದು ಕಡೆ, ಗುಂಡಿಬೈಲು, ಬೈಲೂರು, ಬೈಲಕೆರೆ ಇನ್ನೊಂದು ಕಡೆ. ಬಡಗಬೆಟ್ಟು ಎಂಬ ಹೆಸರಿನ ಗ್ರಾಮ ಎರಡಾದದ್ದರಿಂದ ನಂಬ್ರ ಸೇರಿಸಿ 76 ಬಡಗಬೆಟ್ಟು, 80 ಬಡಗಬೆಟ್ಟು ಎಂದು ಈಗಲೂ ಬರೆಯುತ್ತೇವೆ.

ಬೆಟ್ಟುಗದ್ದೆಗೂ ಮೇಲೆ ಇರುವುದು ಪದವು. ಮುರಕಲ್ಲಿನ ಬೋಳು ಗುಡ್ಡ. ಈ ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕನನ್ 1801ರಲ್ಲಿ ಉಡುಪಿಯ ಮೇಲೆಯೇ ಹಾದುಹೋದವನು. ಅವನ ಪುಸ್ತಕ 1807ರಲ್ಲಿ ಅಚ್ಚಾಯಿತು. ಪದವಿನಲ್ಲಿ ಮನೆಗೆ ಹೊದೆಸುವ ಮುಳಿಹುಲ್ಲು ಸಿಗುತ್ತಿತ್ತು, ದನ ಮೇಯುತ್ತಿತ್ತು. ಬೈಲಿನ ವರ್ಗದಾರನಿಗೆ ತನ್ನ ಜಾಗದಿಂದ ನೂರು ಗಜದೊಳಗೆ ಸೊಪ್ಪು, ಸೌದೆ ತರುವ ಕುಮ್ಕಿ ಹಕ್ಕು ಇತ್ತು, ಅಷ್ಟೇ. ಮಣಿಪಾಲ ಅಂಥದ್ದೇ ಒಂದು ಪದವು. ಸ್ಟಾಂಪ್ ಕಾಗದದ ಖರ್ಚಿಗೂ ಬಾರದ ಜಾಗ ಎಂದು ಅಪ್ಪ ಹೇಳುತ್ತಿದ್ದರು. ಅಷ್ಟು ಒಣ ಗುಡ್ಡಕ್ಕೂ ಹೆಸರು ಬಂದದ್ದು ನೀರಿನಿಂದ. ಮೇಲಿರುವ ಮಣ್ಣಪಳ್ಳ ಕೆರೆಯೇ ಮಣಿಪಾಲವಾಯಿತು ಎಂದು ನಮ್ಮ ಹಿರಿಯರು ಹೇಳುವುದು. ಪಳ್ಳ ಎಂದರೆ ತುಳುವಿನಲ್ಲಿ ಕೆರೆ.

ಈಗ ತೋಡು. ತೋಡುವುದು ಎಂದರೆ ಅಗೆಯುವುದು. ಕೆಲವು ತೋಡು ತಾನಾಗಿ ಹರಿದದ್ದು, ಕೆಲವನ್ನು ನಮ್ಮವರು ಹಾರೆ ಪಿಕ್ಕಾಸು ಹಿಡಿದು ಅಗೆದದ್ದು. ಬಹಳಷ್ಟು ತೋಡುಗಳು ಎರಡೂ ಸೇರಿ ಆದವು, ಹಳ್ಳಕ್ಕೆ ದಾರಿ ತಿದ್ದಿ ಗದ್ದೆಯ ಅಂಚಿಗೆ ತಂದದ್ದು. ಇಂಗ್ಲೆಂಡಿನ ನಗರಗಳಲ್ಲಿ ಕಾಲುವೆ ಬದಿಯ ಗಾರ್ಡನ್ ಫ್ಲ್ಯಾಟಿಗೆ ಬಹಳ ಬೇಡಿಕೆಯಂತೆ. ಆ ಕಾಲುವೆಗಳು ದೋಣಿಯಲ್ಲಿ ಕಲ್ಲಿದ್ದಲು, ಸರಕು ಸಾಗಿಸಲಿಕ್ಕೆ ಕಡಿದವು. ಅಲ್ಲಿ ನೀರು ವರ್ಷವಿಡೀ ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ನಮ್ಮ ತೋಡಿನ ಸ್ವಭಾವ ಬೇರೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರು ಇದು, ಅದರಲ್ಲಿ ಹೆಚ್ಚಿನದು ನಾಲ್ಕು ತಿಂಗಳಲ್ಲಿ. ಗುಡ್ಡದ ಮೇಲೆ ಬಿದ್ದ ನೀರು ಅರ್ಧ ಗಂಟೆಯಲ್ಲಿ ತೋಡಿಗೆ ಇಳಿಯುತ್ತದೆ. ಆಟಿಯಲ್ಲಿ ಆಳು ಮುಳುಗುವ ನೀರು, ಮೇ ತಿಂಗಳಲ್ಲಿ ಪಾದ ಒದ್ದೆಯಾದರೆ ಹೆಚ್ಚು. ಇಂಥ ನೀರನ್ನು ಹಿಡಿದು ನಿಲ್ಲಿಸಲಿಕ್ಕೆ ಕಟ್ಟ ಬೇಕು.

ಕಟ್ಟ ಕಟ್ಟುವುದನ್ನು ನಾನು ಹುಡುಗನಾಗಿ ಹತ್ತಿರದಿಂದ ನೋಡಿದ್ದೇನೆ. ದೀಪಾವಳಿ ಕಳೆದು ನೀರು ಮೊಣಕಾಲಿಗೆ ಇಳಿದ ಮೇಲೆ ಒಂದು ದಿನ ನಿಗದಿಯಾಗುತ್ತಿತ್ತು. ಮನೆಗೊಂದು ಆಳು, ಗದ್ದೆ ಹೆಚ್ಚಿದ್ದವರು ಎರಡು. ತೋಡಿಗೆ ಅಡ್ಡವಾಗಿ ಎರಡು ಸಾಲು ಗೂಟ ಹೊಡೆಯುವುದು, ಗೂಟಕ್ಕೆ ಒರಗಿಸಿ ಅಡಿಕೆ ಮರದ ಸೀಳು ಹಾಕುವುದು. ಎರಡು ಸಾಲಿನ ನಡುವೆ ಕಲ್ಲು, ಕಲ್ಲಿನ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಬೈಹುಲ್ಲು, ಅದರ ಮೇಲೆ ಜೇಡಿಮಣ್ಣು. ಮಣ್ಣನ್ನು ಬುಟ್ಟಿಯಲ್ಲಿ ಸುರಿದ ಹಾಗೆ ಇಬ್ಬರು ಅದರ ಮೇಲೆ ನಿಂತು ಕಾಲಿನಿಂದ ತುಳಿಯುತ್ತಾರೆ. ನಮ್ಮ ಪಕ್ಕದ ಮನೆಯ ಮುದುಕರೊಬ್ಬರು ಈ ತುಳಿಯುವ ಕೆಲಸವನ್ನು ಬೇರೆಯವರಿಗೆ ಬಿಡುತ್ತಿರಲಿಲ್ಲ. ಹಿಮ್ಮಡಿ ಊರಿ, ಬೆರಳು ಒತ್ತಿ, ಅಂಗುಲ ಅಂಗುಲ ಸರಿಯುತ್ತ ಹೋಗುತ್ತಿದ್ದರು. ಎಲ್ಲಾದರೂ ಒಳಗಿನಿಂದ ನೀರು ಜಿನುಗಿದರೆ ಅವರ ಅಂಗಾಲಿಗೆ ತಣ್ಣಗೆ ತಾಗಿ ಗೊತ್ತಾಗುತ್ತಿತ್ತು. ಅಲ್ಲೇ ನಿಂತು "ಇಲ್ಲಿ ಒಂದು ಬುಟ್ಟಿ" ಎಂದು ಕೈ ನೀಡುತ್ತಿದ್ದರು. ಸಂಜೆಯ ಹೊತ್ತಿಗೆ ಕಟ್ಟದ ಹಿಂದೆ ನೀರು ಏರಿ ಹಿಂದಕ್ಕೆ ಸರಿಯುವುದು ಕಣ್ಣಿಗೆ ಕಾಣುತ್ತಿತ್ತು. ಮರುದಿನ ನಮ್ಮ ಬಾವಿಯ ನೀರು ಎರಡು ಕಲ್ಲು ಮೇಲೆ ಬಂದಿರುತ್ತಿತ್ತು. ಆ ನೀರಿನಿಂದಲೇ ಸುಗ್ಗಿ, ಆ ನೀರಿನಿಂದಲೇ ಕೊಳಕೆ. ಏತ ಹಾಕಿ, ಕೈದಂಬೆಯಲ್ಲಿ ಮೊಗೆದು ಗದ್ದೆಗೆ ಬಿಡುವುದು. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಶುರುವಾಗುವ ಹೊತ್ತಿಗೆ ಕಟ್ಟ ಕಡಿದುಬಿಡುವುದು. ಮುಂದಿನ ವರ್ಷ ಮತ್ತೆ ಮೊದಲಿನಿಂದ.

ಹಾಗಾಗಿ ಅಪ್ಪನ ಚೀಟಿಯಲ್ಲಿ ಅರ್ಧ ಪುಟ ತೋಡಿನ ಮಾತು. ನೀರಿನ ಹಕ್ಕು ಕಾಗದದಲ್ಲಿ ಬಾರದಿದ್ದರೆ ಆ ಹದಿನಾಲ್ಕು ಮುಡಿಗೆ ಅರ್ಥವೇ ಇಲ್ಲ. ಕ್ರಯಪತ್ರದ ಕೊನೆಯಲ್ಲಿ 'ದಾರಿ, ನೀರಿನ ಮಾಮೂಲು ಹಕ್ಕು ಸಹಿತ' ಎಂಬ ಮಾತು ಬಿಟ್ಟುಹೋದರೆ ಅಪ್ಪ ಆ ಪತ್ರವನ್ನು ಹರಿದು ಹೊಸತಾಗಿ ಬರೆಯುತ್ತಿದ್ದರು. ನನಗೆ ಕೆಲಸ ಕಲಿಸುವಾಗ ಮೊದಲು ಬರೆಸಿದ ವಾಕ್ಯ ಅದು.

ಆ ಚೀಟಿ ಬರೆದ 1953ರಲ್ಲೇ ಮೇಲೆ ಗುಡ್ಡದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾಯಿತು. ಸ್ವಂತ ಹಣದಲ್ಲಿ (ಸೆಲ್ಫ್ ಫೈನಾನ್ಸಿಂಗ್) ನಡೆಯುವ ದೇಶದ ಮೊದಲ ಖಾಸಗಿ ವೈದ್ಯಕೀಯ ಕಾಲೇಜು. ಅದನ್ನು ಸ್ಥಾಪಿಸಿದ ಡಾ. ಟಿ.ಎಂ.ಎ. ಪೈಗಳು 1925ರಲ್ಲಿ ಉಡುಪಿಯಲ್ಲಿ ಬ್ಯಾಂಕು ಕಟ್ಟಿದವರಲ್ಲಿ ಒಬ್ಬರು. 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ತಂದ ಬ್ಯಾಂಕು ಅದು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಆಯಿತು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು, 1961ರಲ್ಲಿ ಆಸ್ಪತ್ರೆ. 1964ರಲ್ಲಿ ಬ್ಯಾಂಕು ಸಿಂಡಿಕೇಟ್ ಬ್ಯಾಂಕ್ ಎಂಬ ಹೊಸ ಹೆಸರಿನಲ್ಲಿ ಪ್ರಧಾನ ಕಚೇರಿಯನ್ನೇ ಗುಡ್ಡಕ್ಕೆ ಒಯ್ದಿತು. 1970ರಲ್ಲಿ ಅಲ್ಲಿಂದಲೇ 'ಉದಯವಾಣಿ' ಹೊರಟಿತು. ಯಾರಿಗೂ ಬೇಡದಿದ್ದ ಮುರಕಲ್ಲಿನ ಮೇಲೆ ಒಂದು ಊರನ್ನೇ ನಿಲ್ಲಿಸಿದ ಆ ಸಾಹಸಕ್ಕೆ ನನ್ನ ಮನಸ್ಸಿನಲ್ಲಿ ದೊಡ್ಡ ಗೌರವವಿದೆ. ನನ್ನ ತಂಗಿಯ ಜೀವ ಉಳಿದದ್ದು ಆ ಗುಡ್ಡದ ಆಸ್ಪತ್ರೆಯಲ್ಲಿ.

ಆದರೆ ನೆಲದ ಲೆಕ್ಕ ತಲೆಕೆಳಗಾಯಿತು. ಮೇಲಿನದ್ದು ಚಿನ್ನವಾಯಿತು, ಕೆಳಗಿನದ್ದು ಕಾಯುತ್ತ ಕೂತಿತು.

ಬೈಲಿನ ಕಡೆ ಬೇರೊಂದು ದೊಡ್ಡ ಬದಲಾವಣೆ ಆಗುತ್ತಿತ್ತು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ದೇವರಾಜ ಅರಸರ ಕಾಲ. ಗೇಣಿ ಜಾಗವೆಲ್ಲ ಸರಕಾರಕ್ಕೆ ಸೇರಿತು, ಉಳುವವನು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಯಿಂದ ಹಕ್ಕು ಪಡೆಯುವುದು. ನಮ್ಮ ಕಡೆ ಅದಕ್ಕೆ ಎಲ್ಲರೂ 'ಡಿಕ್ಲರೇಶನ್' ಎಂದೇ ಹೇಳುವುದು. ಡಿಕ್ಲರೇಶನ್ ಕೊಟ್ಟದ್ದು, ಡಿಕ್ಲರೇಶನ್ ಆದ ಜಾಗ. ನಮ್ಮ ಜಗಲಿಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಜನ. ಒಂದು ಬೆಂಚಿನಲ್ಲಿ ಧನಿ, ಇನ್ನೊಂದು ಬೆಂಚಿನಲ್ಲಿ ಒಕ್ಕಲು, ಇಬ್ಬರೂ ಮಾತಾಡದೆ. ಎಷ್ಟೋ ಒಕ್ಕಲಿನವರು ಬದುಕಿನಲ್ಲಿ ಮೊದಲ ಸಲ ತಮ್ಮ ಹೆಸರು ಸರಕಾರಿ ಕಾಗದದಲ್ಲಿ ಕಂಡದ್ದು ಆಗ. 1953ರ ಚೀಟಿಗೆ ಹೆಬ್ಬೆಟ್ಟು ಒತ್ತಿದ ಒಕ್ಕಲಿನ ಮಗನಿಗೂ ಆ 1 ಎಕ್ರೆ 86 ಸೆಂಟ್ಸ್ ಹಾಗೆಯೇ ಬಂತು. ಅದು ನ್ಯಾಯ, ಇವತ್ತಿಗೂ ನನಗೆ ಅದರಲ್ಲಿ ಸಂಶಯವಿಲ್ಲ. ಆದರೆ ಒಂದು ಸಂಗತಿ ನಮ್ಮ ಕಣ್ಣಿಗೆ ಆಗ ಬೀಳಲಿಲ್ಲ. ಗೇಣಿಚೀಟಿ ಹೋದಾಗ ಅದರೊಳಗಿದ್ದ ಕಟ್ಟದ ಕರಾರೂ ಹೋಯಿತು. ಹಕ್ಕುಪತ್ರದಲ್ಲಿ ಸರ್ವೆ ನಂಬ್ರ ಮತ್ತು ವಿಸ್ತೀರ್ಣ ಬಂತು, ಕಟ್ಟಕ್ಕೆ ಆಳು ಕೊಡುವ ಮಾತು ಬರಲಿಲ್ಲ. ಕೆಲವು ವರ್ಷ ಮಾಮೂಲಿನಿಂದ ನಡೆಯಿತು. ಆಮೇಲೆ ಗಂಡು ಮಕ್ಕಳು ಮುಂಬಯಿಗೆ, ಕೊಲ್ಲಿಗೆ ಹೋದರು. ಮಣ್ಣು ತುಳಿಯಲಿಕ್ಕೆ ಕಾಲು ಇರಲಿಲ್ಲ. ಮೊದಲು ಕೊಳಕೆ ನಿಂತಿತು, ಆಮೇಲೆ ಸುಗ್ಗಿ. ಕೊನೆಗೆ ಗದ್ದೆ ಬೆಳೆಯಿಲ್ಲದೆ ಹಡಿಲು ಬಿತ್ತು.

ದೊಡ್ಡ ಮನೆಗಳ ಕತೆಯೂ ಅದೇ ಹೊತ್ತಿಗೆ ಮುಗಿಯುತ್ತ ಬಂತು. ಅಳಿಯಸಂತಾನದ ಕುಟುಂಬಗಳಲ್ಲಿ ಹಿಂದೆ ಪಾಲು ಕೇಳುವ ಹಾಗೆ ಇರಲಿಲ್ಲ. 1949ರ ಕಾಯ್ದೆ ಬಂದ ಮೇಲೆ ಕವರು ಕವರಿಗೆ, ಎಂದರೆ ಹೆಣ್ಣಿನ ಕಡೆಯ ಶಾಖೆ ಶಾಖೆಗೆ, ಪಾಲಾಯಿತು. ಗದ್ದೆಯನ್ನು ಹಂಚಬಹುದು, ಚೌಕಿ ಮನೆಯನ್ನು ಹಂಚುವುದು ಹೇಗೆ? ಕಂಬ, ತೊಲೆ, ಬಾಗಿಲು ಮರದ ಲೆಕ್ಕದಲ್ಲಿ ಮಾರಿಹೋದ ಮನೆಗಳ ಪಾಲುಪಟ್ಟಿಗಳನ್ನು ನಾನೇ ಬರೆದಿದ್ದೇನೆ. ಸಿಂಡಿಕೇಟ್ ಬ್ಯಾಂಕಿನಲ್ಲಿದ್ದ ವಿಜಯನಾಥ ಶೆಣೈಯವರು ಹಾಗೆ ಹೋಗಲಿದ್ದ ಮನೆಗಳನ್ನು ಬಿಚ್ಚಿ ತಂದು, ಮಣಿಪಾಲದಲ್ಲಿ ಮತ್ತೆ ಜೋಡಿಸಿ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಮಾಡಿದರು. ಕಾಪುವಿನ ಕಡೆಯ ಕುಂಜೂರು ಚೌಕಿ ಮನೆ ಅಲ್ಲಿದೆ, ಕಾರ್ಕಳದ ಕಡೆಯ ಮಿಯಾರಿನ ಮನೆ ಅಲ್ಲಿದೆ. ಹೋಗಿ ನೋಡಬೇಕು. ಕಂಬದ ಮೇಲೆ ಕೈಯಿಟ್ಟರೆ ತಣ್ಣಗಿರುತ್ತದೆ. ಮನೆಯನ್ನು ಶೆಣೈಯವರು ಉಳಿಸಿದರು. ಮನೆಯ ಎದುರಿನ ಬೈಲನ್ನು, ಬೈಲಿನ ಬದಿಯ ತೋಡನ್ನು ಬಿಚ್ಚಿ ತಂದು ಉಳಿಸಲಿಕ್ಕೆ ಯಾರಿಂದಲೂ ಸಾಧ್ಯವಿರಲಿಲ್ಲ.

ಗುಡ್ಡದಲ್ಲಿ ಜಾಗ ತುಂಬುತ್ತ ಬಂತು. 1993ರಲ್ಲಿ ಮಣಿಪಾಲಕ್ಕೆ ಡೀಮ್ಡ್ ವಿಶ್ವವಿದ್ಯಾಲಯದ ಮನ್ನಣೆ. 1997ರ ಆಗಸ್ಟಿನಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು, ಮುಂದೆ ಜಿಲ್ಲಾಧಿಕಾರಿ ಕಚೇರಿ ಮಣಿಪಾಲದಲ್ಲೇ ಎದ್ದಿತು. 1998ರಲ್ಲಿ ಕೊಂಕಣ ರೈಲ್ವೆಯ ದಾರಿ ಪೂರ್ತಿಯಾಯಿತು, ಸ್ಟೇಶನ್ ಬಂದದ್ದು ಗುಡ್ಡದ ಬುಡದ ಇಂದ್ರಾಳಿಯಲ್ಲಿ. ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡಲಿಕ್ಕೆಂದೇ ಫ್ಲ್ಯಾಟ್ ಕೊಳ್ಳುವವರು ದೂರದೂರದಿಂದ ಬಂದರು. ಮೇಲೆ ಫ್ಲ್ಯಾಟ್ ಕಟ್ಟಲಿಕ್ಕೆ ಗುಡ್ಡ ಕಡಿಯಬೇಕು, ಕಡಿದ ಕೆಂಪುಮಣ್ಣನ್ನು ಎಲ್ಲಾದರೂ ಹಾಕಬೇಕು. ಟಿಪ್ಪರುಗಳು ಅದನ್ನು ಕೆಳಗೆ ತಂದು ಹಡಿಲು ಬಿದ್ದ ಬೈಲಿಗೆ ಸುರಿದವು. ಪದವಿನ ಮಣ್ಣು ಬೈಲಿನ ಮೇಲೆ ಹತ್ತಿ ಕೂತಿತು. ಬೈಲು ಮಜಲಿನ ಎತ್ತರಕ್ಕೆ ಬಂತು, ಕನ್ವರ್ಷನ್ ಆಯಿತು, ಪಹಣಿಯಲ್ಲಿ ಗದ್ದೆ ಎಂಬ ಶಬ್ದ ಹೋಗಿ ವಸತಿ ಎಂದಾಯಿತು. ಡಿಕ್ಲರೇಶನ್ ಆದ ಆ 1 ಎಕ್ರೆ 86 ಸೆಂಟ್ಸ್ ಮೂರು ಮಕ್ಕಳಿಗೆ ಪಾಲಾಗಿ, ಅದರಲ್ಲಿ ಒಂದು ಪಾಲಿನ 42 ಸೆಂಟ್ಸ್ ಹೀಗೆಯೇ ಎದ್ದು ನಿಂತದ್ದು. ಮೂಲೆಯಲ್ಲಿ ಒಂದು ನಾಗಬನ ಇತ್ತು. ಅದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅರ್ಧ ಸೆಂಟ್ಸ್ ಬಿಟ್ಟು, ಕುಟುಂಬದವರಿಗೆ ನಾಗನಿಗೆ ತನು, ಎಂದರೆ ಹಾಲು, ಹಾಕಲು ಹೋಗಿಬರುವ ದಾರಿ ಬರೆದು ಕೊಟ್ಟಿದ್ದಾರೆ. ನಾಗನಿಗೆ ಕಾಗದದಲ್ಲಿ ಜಾಗ ಸಿಕ್ಕಿತು. ಅದೇ ಭಯಭಕ್ತಿ ತೋಡಿನ ಮೇಲೆ ಇರುತ್ತಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ತೋಡು ಮಾತ್ರ ತನ್ನ ಹಳೆಯ ಲೆಕ್ಕವನ್ನು ಮರೆತಿಲ್ಲ. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿ, ಉಡುಪಿ ಮಣಿಪಾಲಕ್ಕೆ ನೀರು ಸರದಿಯಲ್ಲಿ ಬಂತು. ಮರುವರ್ಷ 2020ರ ಸೆಪ್ಟೆಂಬರ್ 20, ಆದಿತ್ಯವಾರ, ಒಂದೇ ರಾತ್ರಿಯ ಮಳೆಗೆ ನಗರದೊಳಗೆ ದೋಣಿಯಲ್ಲಿ ಜನರನ್ನು ದಾಟಿಸಬೇಕಾಯಿತು. ಇಂದ್ರಾಳಿಯ ಕಡೆಯಿಂದ ಇಳಿದು ಕಲ್ಸಂಕ ದಾಟಿ ಕಲ್ಮಾಡಿಯ ಕಡೆಗೆ ಹೋಗುವ ಇಂದ್ರಾಣಿ ತೋಡು ತನ್ನ ಹಳೆಯ ಬೈಲಿಗೆಲ್ಲ ಹೋಗಿ ಬಂತು. ಮುಳುಗಿದ ಜಾಗಗಳಲ್ಲಿ ಗುಂಡಿಬೈಲು ಇತ್ತು, ಬೈಲಕೆರೆ ಇತ್ತು. ಹೆಸರಿನಲ್ಲೇ ಬರೆದಿಟ್ಟದ್ದನ್ನು ನಾವು ಓದಿರಲಿಲ್ಲ. ಕಲ್ಸಂಕ ಎಂದರೆ ಕಲ್ಲಿನ ಸಂಕ. ಸಂಕ ಹಾಕಿ ದಾಟಬೇಕಾದಷ್ಟು ನೀರು ಅಲ್ಲಿತ್ತು ಎಂದು ಹಿರಿಯರು ಹೆಸರಿಟ್ಟು ಹೇಳಿದ್ದರು. ಈಗ ಅಲ್ಲಿ ವಾಹನಗಳ ನಡುವೆ ನಿಂತವರಿಗೆ ಕೆಳಗೆ ತೋಡು ಇದೆ ಎಂದು ಗೊತ್ತಾಗುವುದು ವಾಸನೆಯಿಂದ.

ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ನಾನು ಆ ಫ್ಲ್ಯಾಟ್ ನೋಡಲಿಕ್ಕೆ ಹೋದೆ. ಅವಳ ಅಮ್ಮನೂ ಮುಂಬಯಿಯಿಂದ ಬಂದಿದ್ದರು. ಕೈಯಲ್ಲಿ ಟೇಪು, ಚೀಲದಲ್ಲಿ ಸರ್ವೆ ಇಲಾಖೆಯ ಎಫ್‌ಎಂಬಿ ನಕ್ಷೆಯ ನಕಲು. ಮದ್ರಾಸು ಸರಕಾರದ ಕಾಲದ ಅಳತೆಯ ಲೆಕ್ಕ ನಮ್ಮ ನಕ್ಷೆಗಳಲ್ಲಿ ಲಿಂಕ್ಸಿನಲ್ಲಿರುತ್ತದೆ. ನೂರು ಲಿಂಕ್ಸಿಗೆ ಒಂದು ಚೈನು, 66 ಅಡಿ. ನಕ್ಷೆಯಲ್ಲಿ ಆ ಜಾಗದ ಉತ್ತರಕ್ಕೆ ತೋಡಿನ ಅಗಲ 18 ಲಿಂಕ್ಸ್. ಎಂದರೆ ಹೆಚ್ಚು ಕಡಿಮೆ ಹನ್ನೆರಡು ಅಡಿ.

ಗಾರ್ಡನ್ ಚೆನ್ನಾಗಿಯೇ ಇತ್ತು. ಲಾನ್ ಹುಲ್ಲು, ಅಂಚಿಗೆ ಕ್ರೋಟನ್, ಒಂದು ಉಯ್ಯಾಲೆ. ಮುಂದೆ ಎದೆಯೆತ್ತರದ ಕಾಂಕ್ರೀಟು ಗೋಡೆ, ಗೋಡೆಯ ಆಚೆ ತೋಡು. ನಾನು ಆಚೆಯ ದಡಕ್ಕೆ ಹೋಗಿ ಅಳೆದೆ. ಆ ದಡದಲ್ಲಿ ಹಳೆಯ ಮುರಕಲ್ಲಿನ ಅಂಚು ಇನ್ನೂ ಇದ್ದಲ್ಲೇ ಇದೆ, ಕೇದಗೆಯ ಪೊದೆ ಅದನ್ನು ಹಿಡಿದು ನಿಂತಿದೆ. ಆ ಅಂಚಿನಿಂದ ಕಾಂಕ್ರೀಟು ಗೋಡೆಗೆ ಆರು ಅಡಿ. ಎರಡು ಸಲ ಅಳೆದೆ, ಆರೇ ಅಡಿ. ಉಳಿದ ಆರು ಅಡಿ ಗಾರ್ಡನ್ನಿನ ಹುಲ್ಲಿನ ಅಡಿಯಲ್ಲಿತ್ತು. ಹತ್ತು ಅಡಿ ಅಗಲದ ಖಾಸಗಿ ಗಾರ್ಡನ್ನಿನಲ್ಲಿ ಆರು ಅಡಿ ತೋಡು. ತೋಡು ಪರಂಬೋಕು ಸರಕಾರದ್ದು. ಅದನ್ನು ಕೊಡುವ ಹಕ್ಕು ಕಟ್ಟಿದವರಿಗೂ ಇಲ್ಲ, ಈಗ ಮಾರುವವರಿಗೂ ಇಲ್ಲ.

ಉಳಿದ ನಾಲ್ಕು ಅಡಿಯಾದರೂ ಖಾಸಗಿಯೇ? ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ 1972ರದ್ದು. ಅದರಲ್ಲಿ ಸಾಮಾನ್ಯ ಪ್ರದೇಶ ಯಾವುದು ಎಂದು ಹೇಳುವಲ್ಲಿ ಅಂಗಳ, ತೋಟ, ಪಾರ್ಕಿಂಗ್ ಎಲ್ಲ ಬರುತ್ತದೆ. ಘೋಷಣಾಪತ್ರದಲ್ಲಿ ಬೇರೆ ರೀತಿ ಬರೆಯದಿದ್ದರೆ ತೋಟ ಎಲ್ಲ ಫ್ಲ್ಯಾಟಿನವರಿಗೂ ಸೇರಿದ್ದು. ಈ ಘೋಷಣಾಪತ್ರಕ್ಕೂ ಎಲ್ಲರೂ ಡಿಕ್ಲರೇಶನ್ ಎಂದೇ ಹೇಳುತ್ತಾರೆ. ಅದೇ ನೆಲಕ್ಕೆ ಎರಡನೇ ಡಿಕ್ಲರೇಶನ್. ಅದನ್ನು ತರಿಸಿ ಓದಿದೆ. ಗಾರ್ಡನ್ ಯಾರಿಗೆ ಎಂಬ ಮಾತೇ ಅದರಲ್ಲಿ ಇರಲಿಲ್ಲ.

ನಾನು ಅಳೆಯುತ್ತಿದ್ದಾಗ ಅಮ್ಮ ಗೋಡೆಗೆ ಕೈ ಊರಿ ನೀರು ನೋಡುತ್ತ ನಿಂತಿದ್ದರು. ಎಂಬತ್ತರ ಮೇಲಿನ ಪ್ರಾಯ. ಹುಟ್ಟಿದ್ದು ಶಂಕರಪುರದ ಕಡೆ. ಅವರ ತವರಿನಲ್ಲಿ ಹಿತ್ತಿಲು ತುಂಬ ಮಲ್ಲಿಗೆ. ಬೆಳಿಗ್ಗೆ ಐದಕ್ಕೆ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಸ್ಸು ಬರುವುದರೊಳಗೆ ಕಟ್ಟೆಗೆ ಮುಟ್ಟಿಸಬೇಕು. ಎಂಟು ನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ಅಟ್ಟೆಯ ದುಡ್ಡಿನಲ್ಲಿ ಅವರ ತಮ್ಮಂದಿರು ಓದಿದ್ದು. ನಮ್ಮ ಹೆಂಗಸರಿಗೆ ಹಿತ್ತಿಲು ಎಂದರೆ ಬರೀ ಚಂದದ ಮಾತಲ್ಲ, ಅವರ ಕೈಗೆ ದುಡ್ಡು ಬರುತ್ತಿದ್ದದ್ದೇ ಅಲ್ಲಿಂದ. ಅಂಥ ಹಿತ್ತಿಲಿನಲ್ಲಿ ಬೆಳೆದವರು ಆ ಲಾನನ್ನು ಒಮ್ಮೆ ನೋಡಿ, ನನ್ನನ್ನು ಕೇಳಿದರು: "ಕಟ್ಟ ಎಲ್ಲಿ ಕಟ್ಟುತ್ತಾರೆ ಈಗ?"

"ಕಟ್ಟುವುದಿಲ್ಲ ಅಕ್ಕಾ. ಕೆಳಗೆ ಒಂದು ಕಿಂಡಿ ಅಣೆಕಟ್ಟು ಉಂಟು, ಹಲಗೆ ಹಾಕಿದ ವರ್ಷ ನೀರು ನಿಲ್ಲುತ್ತದೆ."

"ಹಾಗಾದರೆ ಬಾವಿ?"

ಬಾವಿ ಇರಲಿಲ್ಲ. ಕೊಳವೆಬಾವಿ ಇತ್ತು, ನಗರದ ನಳ್ಳಿನೀರು ಇತ್ತು, ಬೇಸಗೆಯಲ್ಲಿ ಟ್ಯಾಂಕರು. ಅವರು ಮತ್ತೆ ಏನೂ ಕೇಳಲಿಲ್ಲ. ಮಗಳನ್ನು ಕರೆದು, ಮಳೆಗಾಲದಲ್ಲಿ ಈ ನೀರು ಒಳಗೆ ಬರುತ್ತದೆ, ನನಗೆ ಇದು ಬೇಡ ಎಂದರು. ನಾನು ಟೇಪು ಹಿಡಿದು ಅರ್ಧ ದಿನ ಕಂಡುಹಿಡಿದದ್ದನ್ನು ಅವರು ನಿಂತಲ್ಲೇ ಕಂಡಿದ್ದರು.

ಅವರೀಗ ಪರ್ಕಳದ ಕಡೆ ಒಂದು ಹಳೆಯ ಹೆಂಚಿನ ಮನೆಯಲ್ಲಿ ಬಾಡಿಗೆಗೆ ಇದ್ದಾರೆ. ಬಾವಿ ಉಂಟು, ಹಿತ್ತಿಲಿನಲ್ಲಿ ಆರು ಮಲ್ಲಿಗೆ ಗಿಡ ನೆಟ್ಟಿದ್ದಾರೆ. ಆ ಗಾರ್ಡನ್ ಫ್ಲ್ಯಾಟ್ ಇನ್ನೂ ಮಾರಾಟಕ್ಕಿದೆ.

ಊರಿಗೆ ಮರಳಿ ಮನೆ ಕೊಳ್ಳಬೇಕೆಂದಿರುವವರು ಬಹಳ ಮಂದಿ ಇದ್ದೀರಿ. ತೋಡಿನ ಬದಿ ಬೇಕು, ಹಸಿರು ಬೇಕು ಎಂಬ ನಿಮ್ಮ ಆಸೆಯಲ್ಲಿ ತಪ್ಪಿಲ್ಲ, ನಮ್ಮ ಅಜ್ಜಂದಿರ ಆಸೆಯೂ ಅದೇ ಆಗಿತ್ತು. ನನ್ನದು ಇಷ್ಟೇ ಕೋರಿಕೆ. ಎಫ್‌ಎಂಬಿ ನಕ್ಷೆಯ ನಕಲಿಗೆ ತಾಲೂಕು ಕಚೇರಿಯ ಭೂಮಾಪನ ಶಾಖೆಯಲ್ಲಿ ಅರ್ಜಿ ಕೊಡಿ. ತೋಡಿನ ಅಗಲ ಎಷ್ಟು ಲಿಂಕ್ಸ್ ಎಂದು ನೋಡಿ, ಅಡಿಗೆ ಲೆಕ್ಕ ಹಾಕಿ, ಟೇಪು ಹಿಡಿದು ಅಳೆಯಿರಿ. ಆಟಿಯಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ ಹೋಗಿ ನೀರು ನೋಡಿ. ತೋಡಿನ ಅಗಲವನ್ನು ಕ್ರಯಪತ್ರದ ಶೆಡ್ಯೂಲಿನಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.